ಸ್ಪಿತಿಗೆ ಹೊರಟವರೇ, ಮೊದಲು ಮುಂಡಗೋಡಿಗೆ ಹೋಗಿ ಬನ್ನಿ

ಕಾರವಾರ ಮತ್ತು ಅಂಕೋಲೆಯ ಚಾರಣಿಗ ಮಿತ್ರರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಜೂನ್ ಬಂತೆಂದರೆ ನಮ್ಮ ಕಡೆಯಿಂದ ಹಿಮಾಲಯಕ್ಕೆ ಹೊರಡುವ ತಂಡಗಳು ಈಗ ಒಂದೆರಡಲ್ಲ. ಮೀನುಗಾರಿಕೆ ನಿಷೇಧದ ಎರಡು ತಿಂಗಳಿಗೆ ಬೋಟು ಕಟ್ಟಿಟ್ಟ ಬೈತಖೋಲದ ಹುಡುಗರಿದ್ದಾರೆ, ಕೈಗಾದ ಪಾಳಿಗೆ ರಜೆ ಹಾಕಿದವರಿದ್ದಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಅಲ್ಲಿಂದಲೇ ತಂಡ ಸೇರುವ ಅವರ್ಸಾ, ಬೆಳಂಬಾರದ ಹೆಣ್ಣುಮಕ್ಕಳಿದ್ದಾರೆ. ಇಲ್ಲಿ ಮಳೆ ಹಿಡಿದು ಕೂತಿರುವ ಹೊತ್ತಿನಲ್ಲಿ ಸ್ಪಿತಿ, ಝಂಸ್ಕಾರ್, ಲಡಾಖ್‌ಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಮುಂಗಾರಿನ ಮೋಡಗಳಲ್ಲಿ ಹೆಚ್ಚಿನವು ಹಿಮಾಲಯದ ದೊಡ್ಡ ಸಾಲನ್ನು ದಾಟಿ ಒಳಗೆ ಬರಲಾರವು. ನಮಗೆ ಬಿಡುವು ಸಿಗುವುದೂ ಆಗಲೇ, ಅಲ್ಲಿ ದಾರಿ ತೆರೆಯುವುದೂ ಆಗಲೇ. ನೀವು ಹೋಗುತ್ತಿರುವುದು ನನಗೆ ಬಹಳ ಸಂತೋಷದ ಸಂಗತಿ. ನಿಮಗಿಂತ ಮೊದಲು ಆ ದಾರಿಯಲ್ಲಿ ನಡೆದವನೆಂಬ ಸಲುಗೆಯಿಂದ ಒಂದು ಮಾತು ಕೇಳಿಕೊಳ್ಳುತ್ತೇನೆ. ರೈಲು ಹತ್ತುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ನಮ್ಮದೇ ಜಿಲ್ಲೆಯ ಮುಂಡಗೋಡಿಗೆ ಹೋಗಿ ಬನ್ನಿ.

ಮುಂಡಗೋಡಿನಲ್ಲಿ ಟಿಬೆಟನ್ ಕಾಲೊನಿ ಇದೆ ಎಂಬುದು ನಿಮಗೆಲ್ಲ ಗೊತ್ತು. ಚಳಿಗಾಲದಲ್ಲಿ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಸ್ವೆಟರ್ ಮಾರುವವರನ್ನು ನೋಡಿದ್ದೀರಿ, ಅವರಿಂದ ಕೊಂಡಿದ್ದೀರಿ. ಹೆಚ್ಚಿನವರ ಪರಿಚಯ ಅಲ್ಲಿಗೆ ನಿಂತಿರುತ್ತದೆ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹೋದರೆ ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ಹತ್ತಿರದ ಜನರನ್ನು ಮಾತನಾಡಿಸದೆ, ಅವರ ಬಂಧುಗಳಂಥವರ ಮನೆಯಲ್ಲಿ ಉಳಿಯಲು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೋಗುತ್ತೇವೆ. ಹೋಗುವುದು ತಪ್ಪೆಂದು ಹೇಳುತ್ತಿಲ್ಲ. ಇಲ್ಲಿನವರನ್ನು ತಿಳಿದು ಹೋದರೆ ಅಲ್ಲಿ ಕಣ್ಣಿಗೆ ಬೀಳುವುದೇ ಬೇರೆ.

ಮುಂಡಗೋಡಿನ ಟಿಬೆಟನ್ನರ ಕಥೆ 1959ರ ಮಾರ್ಚ್‌ನಲ್ಲಿ ತೊಡಗುತ್ತದೆ. ಲ್ಹಾಸಾದಲ್ಲಿ ಚೀನಾದ ವಿರುದ್ಧ ದಂಗೆ ಎದ್ದಾಗ ದಲೈ ಲಾಮಾ ರಾತ್ರೋರಾತ್ರಿ ಅರಮನೆ ಬಿಟ್ಟು, ಎರಡು ವಾರ ನಡೆದು, ಕುದುರೆಯ ಮೇಲೆ ಸಾಗಿ, ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ನೆಲಕ್ಕೆ ಕಾಲಿಟ್ಟರು. ಅವರ ಹಿಂದೆ ಸಾವಿರಾರು ಜನ ಬಂದರು. ದೊಡ್ಡ ಮಠಗಳ ಭಿಕ್ಷುಗಳಲ್ಲಿ ಸುಮಾರು ಸಾವಿರದೈನೂರು ಮಂದಿಯನ್ನು ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜೈಲು ಅದು. ಒಣ ಚಳಿಯ ದೇಶದಿಂದ ಬಂದವರು ಅಲ್ಲಿನ ಸೆಕೆ, ತೇವಕ್ಕೆ ಸಿಕ್ಕಿ ಕ್ಷಯದಿಂದ ನರಳಿದರು, ಅನೇಕರು ತೀರಿಕೊಂಡರು. ಉಳಿದವರು ಆ ಜೈಲಿನ ಅಂಗಳದಲ್ಲೇ ಪಾಠ ಮುಂದುವರಿಸಿದರು. ಸಾಮಾನ್ಯ ಸಂಸಾರಸ್ಥರಾಗಿದ್ದವರು ಹಿಮಾಚಲ, ಲಡಾಖ್‌ಗಳ ರಸ್ತೆ ಕೆಲಸಕ್ಕೆ ಇಳಿದು ಕಲ್ಲು ಒಡೆದರು. ಇಂದು ನಿಮ್ಮ ಟೆಂಪೋ ಟ್ರಾವೆಲರ್ ಏರುವ ಎಷ್ಟೋ ತಿರುವುಗಳಲ್ಲಿ ಅವರ ಕೈಯ ಕೆಲಸ ಸೇರಿದೆ.

ಅವರಿಗೆ ನೆಲೆ ಕೊಡಲು ದೊಡ್ಡ ಮನಸ್ಸಿನಿಂದ ಮುಂದೆ ಬಂದ ರಾಜ್ಯ ನಮ್ಮದು. ಅಂದಿನ ಮೈಸೂರು ರಾಜ್ಯ 1960ರಲ್ಲಿ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡಿನ ಬಳಿ ಸುಮಾರು ನಾಲ್ಕು ಸಾವಿರ ಎಕರೆ ಕಾಡು ಜಾಗದಲ್ಲಿ ಎರಡನೆಯ ದೊಡ್ಡ ನೆಲೆ ತೊಡಗಿತು. ಕಾಡು ಕಡಿದು, ಬೇರು ಕಿತ್ತು, ಗೋವಿನಜೋಳ ಬಿತ್ತಿದರು. ಯಾಕ್ ಮೇಯಿಸಿ ಗೊತ್ತಿದ್ದವರು ಎಮ್ಮೆ ಸಾಕಿದರು. 1960ರ ದಶಕದ ಕೊನೆಗೆ ಬಕ್ಸಾದಿಂದ ಭಿಕ್ಷುಗಳೂ ಬಂದು ಸೇರಿದರು. ಲಾಮಾ ಕ್ಯಾಂಪ್ ನಂಬರ್ ಒಂದರಲ್ಲಿ ಗಂದೆನ್, ಎರಡರಲ್ಲಿ ದ್ರೆಪುಂಗ್. ಗಂದೆನ್ ಲ್ಹಾಸಾದ ಬಳಿ 1409ರಲ್ಲಿ, ದ್ರೆಪುಂಗ್ 1416ರಲ್ಲಿ ಹುಟ್ಟಿದ ಮಹಾವಿಹಾರಗಳು. ದ್ರೆಪುಂಗ್‌ನಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರದಷ್ಟು ಭಿಕ್ಷುಗಳಿದ್ದರೆಂದು ಹೇಳುತ್ತಾರೆ. ಆ ಎರಡೂ ಮತ್ತೆ ಕಣ್ಣು ಬಿಟ್ಟದ್ದು ಉತ್ತರ ಕನ್ನಡದ ಕೆಂಪು ಮಣ್ಣಿನಲ್ಲಿ, ತಗಡಿನ ಮಾಡಿನ ಕೆಳಗೆ, ಗದ್ದೆ ಕೆಲಸ ಮುಗಿಸಿ ಸಂಜೆ ಪುಸ್ತಕ ಹಿಡಿಯುತ್ತಿದ್ದ ಕೆಲವು ನೂರು ಭಿಕ್ಷುಗಳ ಕೈಯಲ್ಲಿ. ಇದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಹೆಮ್ಮೆಯಿಂದ ಹೇಳಬೇಕಾದ ರೀತಿಯಲ್ಲಿ ನಾವು ಯಾರೂ ಹೇಳಿಲ್ಲ ಎಂಬುದು ನನ್ನ ನೋವು.

ಬೌದ್ಧರು ಈ ಜಿಲ್ಲೆಗೆ ಹೊಸಬರೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ, ಧರ್ಮ ಹೇಳಲು ಕಳಿಸಿದರೆಂದು ಸಿಂಹಳದ ಮಹಾವಂಶ ದಾಖಲಿಸಿದೆ.

ಈಗ ನಿಮ್ಮ ಚಾರಣಕ್ಕೆ ನೇರ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಸ್ಪಿತಿಯ ಕೀ, ತಾಬೋ, ಧನ್ಕರ್ ಮಠಗಳೂ ಲಡಾಖಿನ ಹಲವು ದೊಡ್ಡ ಮಠಗಳೂ ಟಿಬೆಟನ್ ಬೌದ್ಧರ ಗೆಲುಗ್ ಪಂಥದವು. ದ್ರೆಪುಂಗ್, ಗಂದೆನ್ ಕೂಡ ಅದೇ ಪಂಥದವು. 1959ಕ್ಕೆ ಮೊದಲು ಆ ಕಣಿವೆಗಳ ಹುಡುಗನೊಬ್ಬ ದೊಡ್ಡ ಓದು ಓದಬೇಕೆಂದರೆ ಕಣಿವೆ ಬಿಟ್ಟು, ಬೆಟ್ಟ ದಾಟಿ, ತಿಂಗಳುಗಟ್ಟಲೆ ನಡೆದು ಟಿಬೆಟ್ಟಿನ ಮಹಾವಿಹಾರಗಳಿಗೆ ಹೋಗುತ್ತಿದ್ದ. ಗಡಿ ಮುಚ್ಚಿತು, ಆ ದಾರಿ ಕಡಿಯಿತು. ಈಗ ಅದೇ ಹುಡುಗ ದಕ್ಷಿಣಕ್ಕೆ ಮುಖ ಮಾಡಿ ರೈಲು ಹತ್ತುತ್ತಾನೆ, ಹುಬ್ಬಳ್ಳಿಯಲ್ಲಿ ಇಳಿಯುತ್ತಾನೆ, ಮುಂಡಗೋಡಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ಓದಿ ಗೆಶೆ ಪದವಿ ಪಡೆದು ಊರಿಗೆ ಮರಳುತ್ತಾನೆ. ಲಡಾಖ್, ಸ್ಪಿತಿ, ಕಿನ್ನೌರ್, ಅರುಣಾಚಲ, ಮಂಗೋಲಿಯಾದ ಹುಡುಗರೆಲ್ಲ ಅಲ್ಲಿದ್ದಾರೆ. ನೀವು ಯಾವ ಮಠದ ಮೆಟ್ಟಿಲೇರಲು ಉಸಿರು ಕಟ್ಟಿಕೊಂಡು ಹೋಗುತ್ತೀರೋ ಆ ಮಠದ ಗುರುವು ನಮ್ಮ ಜಿಲ್ಲೆಯ ನೀರು ಕುಡಿದು ದೊಡ್ಡವನಾಗಿರುವ ಸಂಭವ ಬಹಳ ಇದೆ.

ಕೀ ಮಠದ ಅಡುಗೆಮನೆಯಲ್ಲಿ ನನಗೆ ಚಹಾ ಕೊಟ್ಟ ನಡುವಯಸ್ಸಿನ ಭಿಕ್ಷುವೊಬ್ಬರು ಹಿಂದಿಯಲ್ಲಿ ಊರು ಕೇಳಿದರು. ಕರ್ನಾಟಕ ಎಂದೆ. ಕರ್ನಾಟಕದಲ್ಲಿ ಎಲ್ಲಿ ಎಂದರು. ಕಾರವಾರದ ಹತ್ತಿರ ಎಂದೆ. ಕೆಟಲ್ ಕೆಳಗಿಟ್ಟು, ಮುಖವೆಲ್ಲ ಅರಳಿಸಿ, "ಕಾರವಾರ ಅಂದ್ರ ನಮ್ಮ ಡಿಸ್ಟ್ರಿಕ್ಟ್ ಅಲ್ರೀ! ಮಳಿ ಜೋರ್ ಹತ್ತೇತೇನ್ರಿ?" ಎಂದು ಶುದ್ಧ ಮುಂಡಗೋಡ ಕಡೆಯ ಕನ್ನಡದಲ್ಲಿ ಕೇಳಿದರು. ಹುಟ್ಟಿದ್ದು ಸ್ಪಿತಿಯಲ್ಲಿ. ಹತ್ತು ವರ್ಷದವರಿದ್ದಾಗ ಇಲ್ಲಿಗೆ ಬಂದವರು. ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕನ್ನಡ ಕಲಿತವರು. ಬದನೆಕಾಯಿ ಈಗ ಕೆ.ಜಿ.ಗೆ ಎಷ್ಟು ಎಂಬುದರಿಂದ ಹಿಡಿದು ಅತ್ತಿವೇರಿಯ ಹಕ್ಕಿಗಳವರೆಗೆ ಎಲ್ಲ ವಿಚಾರಿಸಿದರು. ಅವರ ಪಕ್ಕದಲ್ಲಿ ಕೂತಿದ್ದ ಹುಡುಗ ಭಿಕ್ಷುವಿಗೆ ಮುಂದಿನ ವರ್ಷ ಮುಂಡಗೋಡಿಗೆ ಹೊರಡುವುದಿತ್ತು. ಅಲ್ಲಿ ಹಾವು ಇರುತ್ತವೆಯೇ ಎಂದು ಅವನು ನನ್ನನ್ನು ಕೇಳಿದ. ಇರುತ್ತವೆ, ಆದರೆ ಬ್ಯಾಟರಿ ಹಿಡಿದು ನಡೆದರೆ ಭಯವಿಲ್ಲ ಎಂದೆ. ಆ ಮಾತುಕತೆಯಾದ ಮೇಲೆ ನಾನು ಆ ಮಠದಲ್ಲಿ ಪ್ರವಾಸಿಯಂತೆ ನಿಲ್ಲಲಿಲ್ಲ. ನೀವೂ ಹಾಗೆ ನಿಲ್ಲಬಾರದೆಂಬುದು ನನ್ನಾಸೆ.

ಮುಂಡಗೋಡಿನಲ್ಲಿ ಏನು ನೋಡಬೇಕು ಎಂದು ಕೇಳುತ್ತೀರಿ. ಬಂಗಾರ ಬಣ್ಣದ ಮಾಡು, ದೊಡ್ಡ ಪ್ರಾರ್ಥನಾ ಮಂದಿರ ಎಲ್ಲ ಇದ್ದೇ ಇದೆ. ನಾನು ಹೇಳುವುದು ಸಂಜೆಯ ತರ್ಕಸಭೆ. ಅಂಗಳದಲ್ಲಿ ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲ ಅಂಗೈಯನ್ನು ಎಡ ಅಂಗೈ ಮೇಲೆ ಬಾರಿಸಿ, ಎಡಗೈಯನ್ನು ಕೆಳಗೆ ಚಾಚಿ ಬಲಗೈಯಿಂದ ಜಪಮಾಲೆ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಕೂತವನು ತಡವರಿಸಿದರೆ ಸುತ್ತಲಿನವರು ಗಲಾಟೆ ಎಬ್ಬಿಸುತ್ತಾರೆ. ಇಂಥ ನೂರಾರು ಜೋಡಿಗಳು ಒಂದೇ ಅಂಗಳದಲ್ಲಿ! ನಮ್ಮ ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರಿಗೆ ಅಲ್ಲಿನ ಬಿಸಿ ಕೂಡಲೇ ತಗಲುತ್ತದೆ. ಅವರು ವಾದಿಸುತ್ತಿರುವುದು ನಾಗಾರ್ಜುನ, ಧರ್ಮಕೀರ್ತಿಯರ ಗ್ರಂಥಗಳ ಮೇಲೆ. ಭಾರತದಿಂದಲೇ ಹಿಮಾಲಯ ದಾಟಿ ಹೋಗಿದ್ದ ವಿದ್ಯೆ, ಅಲ್ಲಿ ಸಾವಿರ ವರ್ಷ ಜೋಪಾನವಾಗಿದ್ದು, ಇಲ್ಲಿಗೆ ತಿರುಗಿ ಬಂದಿದೆ.

ಹಾಗೆಯೇ ಅಲ್ಲಿನ ನಡಾವಳಿಯನ್ನೂ ಕಲಿಯಿರಿ. ಸ್ತೂಪಗಳನ್ನು, ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆಗಳನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ನಮ್ಮ ದೇವಸ್ಥಾನದ ಪ್ರದಕ್ಷಿಣೆಯ ರೀತಿಯೇ. ಬೆಟ್ಟದ ದಾರಿಯಲ್ಲಿ ಮಣಿಗೋಡೆ ಎದುರಾದರೆ ಗೈಡ್ ಹೇಳುವವರೆಗೆ ಕಾಯಬೇಡಿ, ಎಡಗಡೆಯ ಹಾದಿ ಹಿಡಿಯಿರಿ. ಮಂತ್ರ ಕೆತ್ತಿದ ಕಲ್ಲನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ; ಯಾರೋ ಸತ್ತವರ ಸದ್ಗತಿಗೆಂದು ಮನೆಯವರು ಕೆತ್ತಿಸಿ ಇಟ್ಟಿರುತ್ತಾರೆ. ಐದು ಬಣ್ಣದ ಪತಾಕೆಗಳನ್ನು ದಾಟುವುದು, ಬೈಕಿಗೆ ಸಿಕ್ಕಿಸಿ ಕೊನೆಗೆ ಕೆಸರಿಗೆ ಎಸೆಯುವುದು ನೋಡಿ ನನಗೆ ಬಹಳ ಬೇಸರವಾಗಿದೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂದರೆ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಪಂಚಭೂತಗಳನ್ನು ಕೈಮುಗಿದು ಕರೆಯುವ ಜನ ನಾವು. ತಾಬೋದ ಗರ್ಭಗುಡಿಯಲ್ಲಿ ಕ್ಯಾಮೆರಾ ನಿಷೇಧ. 996ರಲ್ಲಿ ಕಟ್ಟಿದ ಆ ಮಣ್ಣಿನ ಮಂದಿರ 1975ರ ಕಿನ್ನೌರ್ ಭೂಕಂಪವನ್ನೂ ತಾಳಿಕೊಂಡಿತು. ಅದರ ಗೋಡೆಯ ಚಿತ್ರಗಳನ್ನು ಫೋನಿನ ಫ್ಲಾಶ್‌ನಿಂದ ಕಾಪಾಡುವ ಕೆಲಸ ನಮ್ಮದು.

ಫೋಟೋದ ಮಾತು ಬಂದದ್ದರಿಂದ ಅಂಕೋಲೆಯವರಿಗೆ ಬೇರೆಯಾಗಿ ಹೇಳುತ್ತೇನೆ. ನಮ್ಮ ಹಾಲಕ್ಕಿ ಅಜ್ಜಿಯರು ಸಂತೆಗೆ ಬಂದಾಗ ಹೊರಗಿನ ಪ್ರವಾಸಿಗರು ಕಾರು ನಿಲ್ಲಿಸಿ, ಕೇಳದೆ ಹೇಳದೆ, ಅವರ ಕೊರಳ ಮಣಿಸರಕ್ಕೆ ಫೋನ್ ಹಿಡಿಯುವುದನ್ನು ನೋಡಿದ್ದೇವೆ. ಅಜ್ಜಿ ಸೆರಗು ಎಳೆದುಕೊಂಡು ಮುಖ ತಿರುಗಿಸುವುದನ್ನೂ ನೋಡಿದ್ದೇವೆ. ಹೊನ್ನಳ್ಳಿಯ ತುಳಸಿ ಗೌಡರು, ಬಡಗೇರಿಯ ಸುಕ್ರಿ ಬೊಮ್ಮಗೌಡರು ಪದ್ಮಶ್ರೀ ಪಡೆದ ಮೇಲೆ ಇದು ಇನ್ನೂ ಹೆಚ್ಚಿತು. ಒಬ್ಬರು ಕಾಡು ಬೆಳೆಸಿದವರು, ಒಬ್ಬರು ಹಾಡು ಉಳಿಸಿದವರು. ಅವರ ಕೆಲಸ ಕೇಳಿ ತಿಳಿಯದೆ ಮಣಿಸರವನ್ನಷ್ಟೇ ಹಿಡಿದು ಹೋದವರ ಮೇಲೆ ನಮಗೆಷ್ಟು ಸಿಟ್ಟು ಬರುತ್ತಿತ್ತು! ಲಡಾಖಿನ ಹಬ್ಬದಲ್ಲಿ ಹಸಿರುನೀಲಿ ಕಲ್ಲುಗಳ ಪೆರಕ್ ತಲೆಗೆ ಧರಿಸಿ ಬಂದ ಅಜ್ಜಿಯ ಎದುರು ನಿಂತಾಗ ಆ ಸಿಟ್ಟನ್ನು ನೆನಪಿಗೆ ತಂದುಕೊಳ್ಳಿ. ಕೂತು ಮಾತನಾಡಿ, ಅವರು ಹೂಂ ಎಂದರೆ ತೆಗೆಯಿರಿ. ಬೇಡವೆಂದರೆ ಚಹಾ ಕುಡಿದು ಬನ್ನಿ.

ಕಾರವಾರದವರಿಗೂ ಒಂದು ಮಾತಿದೆ. ನೆಲ ಕಳೆದುಕೊಳ್ಳುವುದು ಎಂದರೇನೆಂದು ನಮಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ನಡುವಿನ ವರ್ಷಗಳಲ್ಲಿ ಅರ್ಗಾದಿಂದ ಹಾರವಾಡದವರೆಗಿನ ಕರಾವಳಿಯ ಮನೆಗಳು ಎದ್ದು ಪುನರ್ವಸತಿ ಕಾಲೊನಿಗಳಿಗೆ ಹೋದವು. ದೇವರ ಕಲ್ಲುಗಳನ್ನು ಹೊತ್ತುಕೊಂಡು ಹೋದರು, ಗದ್ದೆ ಮತ್ತು ಕಡಲ ದಡ ಹಿಂದೆ ಉಳಿದವು. ಪರಿಹಾರದ ಮೊಕದ್ದಮೆ ತಂದೆಯ ಕೈಯಿಂದ ಮಗನ ಕೈಗೆ ಬಂದ ಮನೆಗಳು ನಿಮ್ಮ ಓಣಿಯಲ್ಲೇ ಇವೆ. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳ ಹಿನ್ನೀರಿನಲ್ಲಿ ಊರು ಬಿಟ್ಟವರ ಮಕ್ಕಳೂ ನಿಮ್ಮ ತಂಡಗಳಲ್ಲಿದ್ದಾರೆ. ಟಿಬೆಟ್ಟಿನವರ ಸಂಕಟ ಬೇರೆ ಬಗೆಯದು. ಅವರಿಗೆ ತಿರುಗಿ ಹೋಗಿ ದೂರದಿಂದ ನೋಡಲಿಕ್ಕೂ ಊರಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಆದರೆ ತೋಡೂರು, ಮುದಗಾ ಕಡೆಯ ಕಾಲೊನಿಯಲ್ಲಿ ಬೆಳೆದ ಹುಡುಗಿ ಮುಂಡಗೋಡಿನ ಹಿರಿಯರೊಬ್ಬರ ಪಕ್ಕ ಕೂತು, ಹಳೆಯ ಮನೆಯ ಅಂಗಳ ಹೇಗಿತ್ತು ಎಂದು ಕೇಳಿದರೆ, ಬೇರೆ ಯಾವ ಪ್ರವಾಸಿಗೂ ಸಿಗದ ಉತ್ತರ ಅವಳಿಗೆ ಸಿಗುತ್ತದೆ ಎಂದು ನಾನು ನಂಬಿದ್ದೇನೆ. 1959ರಲ್ಲಿ ಬೆಟ್ಟ ದಾಟಿದವರಲ್ಲಿ ಈಗ ಉಳಿದವರು ಕಡಿಮೆ. ಅಂದು ಹತ್ತು ವರ್ಷವಿದ್ದವರಿಗೆ ಇಂದು ಎಪ್ಪತ್ತೈದು ದಾಟಿದೆ. ಸ್ಪಿತಿ ಮುಂದಿನ ವರ್ಷವೂ ಇರುತ್ತದೆ. ಇವರ ಬಾಯಿಂದ ಕೇಳುವ ಅವಕಾಶ ಇನ್ನೆಷ್ಟು ವರ್ಷ?

ಇನ್ನು ಮೇಲಿನ ದಾರಿಯ ವಿಚಾರ. ಕಡಲ ಮಟ್ಟದಲ್ಲಿ ಹುಟ್ಟಿ ಬೆಳೆದ ನಮಗೆ ಎತ್ತರದ ಕಾಯಿಲೆಯ ಬಗ್ಗೆ ಇರುವ ಅಸಡ್ಡೆ ನನ್ನನ್ನು ಹೆದರಿಸುತ್ತದೆ. ಬಲೆ ಎಳೆದು ಗಟ್ಟಿಯಾದ ತೋಳು, ಕಬಡ್ಡಿಯಲ್ಲಿ ಹದವಾದ ಕಾಲು, ಗುಡ್ಡಳ್ಳಿಯನ್ನು ಓಡುತ್ತ ಹತ್ತುವ ಉಸಿರು, ಇವು ಯಾವುವೂ ಅಲ್ಲಿ ರಕ್ಷೆ ಕೊಡುವುದಿಲ್ಲ. ಲೇಹ್ ಇರುವ 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಲ ತೀರದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. 5,500 ಮೀಟರಿನಲ್ಲಿ ಅರ್ಧ. ಪ್ರತಿ ಉಸಿರಿಗೂ ಆಮ್ಲಜನಕ ಅಷ್ಟೇ ಕಡಿಮೆ ಸಿಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳನ್ನು ಕೇಳುತ್ತದೆ. ಗಟ್ಟಿಮುಟ್ಟಾದವರೇ ಅಪಾಯಕ್ಕೆ ಸಿಲುಕುವುದನ್ನು ಹೆಚ್ಚಾಗಿ ಕಾಣುತ್ತೇನೆ, ಏಕೆಂದರೆ ತಲೆನೋವು ಬಂದರೂ ಅವರು ಬಾಯಿ ಬಿಡುವುದಿಲ್ಲ.

ಬೆಳಿಗ್ಗೆ ಗೋವಾದಲ್ಲಿ ವಿಮಾನ ಹತ್ತಿ, ದಿಲ್ಲಿಯಲ್ಲಿ ಬದಲಿಸಿ, ನೇರ ಲೇಹ್‌ನಲ್ಲಿ ಇಳಿಯುವ ಯೋಜನೆ ಹಾಕುವವರು ಅಲ್ಲಿ ಮೊದಲ ಎರಡು ದಿನ ಮಲಗಿ, ಕೂತು, ನೀರು ಕುಡಿದು ಕಳೆಯಲೇಬೇಕು. ಬುಲೆಟ್ ಬಾಡಿಗೆಗೆ ಹಿಡಿದು ಮಾರನೆಯ ದಿನವೇ ಖರ್ದುಂಗ್ ಲಾ ಏರುವುದು ಹುಚ್ಚುಸಾಹಸ. ಸ್ಪಿತಿಗೆ ಹೋಗುವವರು ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ತಾಬೋ ದಾರಿಯಲ್ಲಿ ಕಾಜಾ ತಲುಪಿದರೆ ಎತ್ತರ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆಯಿಂದ ಹೋಗುವುದು ಬಹಳ ಸಲೀಸಾಗಿದೆ, ಒಂದೇ ದಿನಕ್ಕೆ ನಾಲ್ಕೂವರೆ ಸಾವಿರ ಮೀಟರ್ ಮೀರಿದ ಕುಂಜುಮ್ ಲಾ ದಾಟಿ ಕಾಜಾಕ್ಕೆ ಇಳಿಯಬಹುದು. ಆ ಸಲೀಸೇ ಕಾಯಿಲೆಗೆ ದಾರಿ. ಹೋಗುವಾಗ ಕಿನ್ನೌರ್, ಬರುವಾಗ ಮನಾಲಿ ಎಂದು ಇಟ್ಟುಕೊಳ್ಳಿ.

ನಡೆಯಲು ತೊಡಗಿದ ಮೇಲೆ ವೈದ್ಯರು ಹೇಳುವ ಲೆಕ್ಕ ಹೀಗಿದೆ. 3,000 ಮೀಟರ್ ದಾಟಿದ ಬಳಿಕ ಇಂದಿನ ರಾತ್ರಿ ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗೆ ಮೀರಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಇಡೀ ದಿನ ಅಲ್ಲೇ ಉಳಿಯಬೇಕು. ತಲೆನೋವು, ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಕೂತಲ್ಲೇ ಏದುಸಿರು ಬಂದರೆ, ಕೆಮ್ಮಿನಲ್ಲಿ ನೊರೆ ಕಂಡರೆ, ಗೆರೆಯ ಮೇಲೆ ನೇರ ನಡೆಯಲಾಗದೆ ಓಲಾಡಿದರೆ, ಮಾತು ತಡವರಿಸಿದರೆ ನಡುರಾತ್ರಿಯಾದರೂ ಸರಿ, ಕೆಳಗೆ ಇಳಿಸಬೇಕು. ಇಳಿಯುವುದೇ ಔಷಧ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆಯ ವಿಷಯ ಊರಿನಲ್ಲೇ ವೈದ್ಯರನ್ನು ಕೇಳಿಕೊಳ್ಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಅವರಿಗೆ ಮೊದಲೇ ಹೇಳಬೇಕು. ತಂಡದಲ್ಲಿ ಒಬ್ಬನಿಗೆ ಆಗದಿದ್ದರೆ ಇನ್ನೊಬ್ಬ ಜೊತೆಗೆ ಇಳಿಯಬೇಕೆಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಮೇಲೆ ಹೋದ ಮೇಲೆ ಅದನ್ನು ತೀರ್ಮಾನಿಸಲು ಹೋದರೆ ಸ್ನೇಹ ಕೆಡುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಕಾರವಾರದ ಕಡಲು ನೋಡುತ್ತ ಬಾಲ್ಯ ಕಳೆದ ಕಾಕಾ ಕಾಲೇಲಕರ್ 1912ರಲ್ಲಿ ಗೆಳೆಯರೊಂದಿಗೆ ಹಿಮಾಲಯಕ್ಕೆ ಹೋದರು. ಬೆಟ್ಟದ ಬುಡದಿಂದಲೇ ಕಾಲ್ನಡಿಗೆ. ಬಂದ ಮೇಲೆ ಬರೆದ ಪುಸ್ತಕವನ್ನು ಗುಜರಾತಿಯಲ್ಲಿ ಇಂದಿಗೂ ಓದುತ್ತಾರೆ. ಅವರು ಹೋದದ್ದು ಬದರಿ, ಕೇದಾರಗಳ ಯಾತ್ರಾಮಾರ್ಗ, ಬೌದ್ಧ ಕಣಿವೆಗಳಲ್ಲ. ಆದರೂ ನೆನೆಯುತ್ತೇನೆ. ಕಾಲ ಕೆಳಗಿನ ನೆಲ ಮೆಲ್ಲಗೆ ಏರಿದ್ದರಿಂದ ದೇಹಕ್ಕೂ ಸಮಯ ಸಿಕ್ಕಿತು, ಜನರನ್ನು ಮಾತನಾಡಿಸಲು ಮನಸ್ಸಿಗೂ ಸಮಯ ಸಿಕ್ಕಿತು. ರಜೆ ಹತ್ತೇ ದಿನವಿದ್ದರೆ ಒಂದೇ ಕಣಿವೆ ನೋಡಿ. ಸ್ಪಿತಿ, ಪ್ಯಾಂಗಾಂಗ್, ನುಬ್ರಾ ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸುವ ಪ್ಯಾಕೇಜ್ ಬೇಡ.

ನೀರಿನ ವಿಷಯದಲ್ಲಿ ನಾವು ತೀರಾ ಬೇರೆ ಲೋಕದವರು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಲೇಹ್‌ನಲ್ಲಿ ಮಳೆ, ಹಿಮ ಎಲ್ಲ ಸೇರಿ ನೂರು ಮಿಲಿಮೀಟರ್ ಆಸುಪಾಸು. ಆಷಾಢದ ಒಂದು ಹಗಲಿನಲ್ಲಿ ನಮ್ಮ ಅಂಗಳಕ್ಕೆ ಬೀಳುವಷ್ಟು ನೀರು ಅಲ್ಲಿ ಒಂದು ವರ್ಷಕ್ಕೆ. ಹಿಮನದಿ ಕರಗಿ ಬಂದ ನೀರನ್ನು ಕಾಲುವೆಯಲ್ಲಿ ತಂದು, ಕೊಳದಲ್ಲಿ ತುಂಬಿ, ಸರದಿಯ ಪ್ರಕಾರ ಹೊಲಗಳಿಗೆ ಬಿಡುತ್ತಾರೆ. ಲಡಾಖಿನ ಹಳ್ಳಿಗಳಲ್ಲಿ ಈ ಹಂಚಿಕೆ ನೋಡಿಕೊಳ್ಳಲೆಂದೇ ಊರವರು ಚುರ್ಪೋನ್ ಎಂಬ ಒಬ್ಬನನ್ನು ಆರಿಸುತ್ತಾರೆ. ಜವೆಗೋಧಿಯ ಇಡೀ ಬೆಳೆ ಅವನ ನ್ಯಾಯದ ಮೇಲೆ ನಿಂತಿದೆ. ಅಂಥ ಮನೆಯಲ್ಲಿ ದಿನಕ್ಕೆರಡು ಬಾರಿ ಮೀಯಲು ಬಿಸಿನೀರು ಕೇಳುವುದು ನಮಗೆ ಸಹಜ, ಅವರಿಗೆ ಭಾರ. ಒಣ ಪಾಯಿಖಾನೆ ಕಂಡು ಮೂಗು ಮುರಿಯಬೇಡಿ. ಬಳಸಿದ ಮೇಲೆ ಮಣ್ಣು, ಬೂದಿ ಎಳೆದು ಬನ್ನಿ, ನೀರು ಸುರಿಯಬೇಡಿ, ಪ್ಲಾಸ್ಟಿಕ್ ಹಾಕಬೇಡಿ. ಅದು ಮುಂದಿನ ವಸಂತಕ್ಕೆ ಹೊಲದ ಗೊಬ್ಬರ. ಬಾಟಲಿ ನೀರು ಕೊಳ್ಳುವುದನ್ನೂ ಬಿಡಿ. ಕುದಿಸಿದ ನೀರನ್ನು ಸ್ವಂತ ಬಾಟಲಿಗೆ ತುಂಬಿಸಿಕೊಡಿ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ.

ಬೆಣ್ಣೆ ಚಹಾವನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸುವವರನ್ನು ಬಹಳ ಕಂಡಿದ್ದೇನೆ. ಅದರಲ್ಲಿ ಸಕ್ಕರೆ ಇಲ್ಲ, ಉಪ್ಪಿದೆ. ಒಣಗಾಳಿಯಲ್ಲಿ ಬೆವರು ಕಾಣದಂತೆ ಆರಿಹೋಗುವ ದೇಹಕ್ಕೆ ಉಪ್ಪು, ಕೊಬ್ಬು, ಬಿಸಿನೀರು ಮೂರೂ ಬೇಕು. ಆ ಉಪ್ಪಿಗೂ ದೊಡ್ಡ ಚರಿತ್ರೆ ಇದೆ. ಚಾಂಗ್‌ಥಾಂಗ್‌ನ ಅಲೆಮಾರಿ ಕುರಿಗಾಹಿಗಳು ತ್ಸೋ ಕರ್ ಸರೋವರದ ದಡದಲ್ಲಿ ಉಪ್ಪು ಕೆರೆದು, ಕುರಿಗಳ ಬೆನ್ನಿಗೆ ಪುಟ್ಟ ಚೀಲ ಹೇರಿ, ತಗ್ಗಿನ ಹಳ್ಳಿಗಳಿಗೆ ಬಂದು ಧಾನ್ಯಕ್ಕೆ ಬದಲಾಯಿಸುತ್ತಿದ್ದರು. ನೀವು ಚಾರಣಕ್ಕೆಂದು ಹಿಡಿಯುವ ಹಾದಿಗಳಲ್ಲಿ ಅನೇಕವು ಈ ಉಪ್ಪಿನ ಹಾದಿಗಳೇ. ಕಿಬ್ಬರಿನಿಂದ ಪರಾಂಗ್ ಲಾ ದಾಟಿ ತ್ಸೋ ಮೊರಿರಿಗೆ ಹೋಗುವ ದಾರಿ ಸ್ಪಿತಿಗೂ ಚಾಂಗ್‌ಥಾಂಗ್‌ಗೂ ನಡುವಿನ ಹಳೆಯ ವ್ಯಾಪಾರದ ದಾರಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕಡಲ ದಡದಲ್ಲಿ ಉಪ್ಪು ಮಾಡಿ ಸರ್ಕಾರಕ್ಕೆ ಸವಾಲು ಹಾಕಿದ ಅಂಕೋಲೆಯ ಮೊಮ್ಮಕ್ಕಳು ಆ ದಾರಿಯಲ್ಲಿ ತಲೆ ಬಾಗಿ ನಡೆಯಬೇಕು. ಚಹಾದ ಬಟ್ಟಲು ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ, ಸಾಕೆನ್ನುವವರು ಬಟ್ಟಲ ಮೇಲೆ ಅಂಗೈ ಅಡ್ಡ ಹಿಡಿಯಿರಿ. ರುಚಿ ಹತ್ತಬೇಕಾದರೆ ಮುಂಡಗೋಡಿನ ಯಾವುದಾದರೂ ಹೋಟೆಲಿನಲ್ಲಿ ತುಕ್ಪಾದ ಜೊತೆ ಮೊದಲ ಬಟ್ಟಲು ಕುಡಿದು ನೋಡಿ.

ರಸ್ತೆಯ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಜಾರಿ, ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿದ್ದು, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಬಡಿದದ್ದು, ತಿಂಗಳುಗಟ್ಟಲೆ ನಡೆದ ಹುಡುಕಾಟ, ಎಲ್ಲವನ್ನೂ ಹತ್ತಿರದಿಂದ ಕಂಡವರು ನೀವು. ಗುಡ್ಡದ ಬುಡ ನೇರ ಕಡಿದ ರಸ್ತೆ ಎಂಥದ್ದೆಂದು ನಮಗೆ ಗೊತ್ತು. ಕಿನ್ನೌರಿನ ದಾರಿ ಉದ್ದಕ್ಕೂ ಹಾಗೆಯೇ. 2021ರ ಆಗಸ್ಟ್‌ನಲ್ಲಿ ನಿಗುಲ್ಸರಿಯಲ್ಲಿ ಬಸ್ಸಿನ ಮೇಲೆ ಗುಡ್ಡ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮಳೆ ಬಂದು ಬಿಟ್ಟ ಮರುದಿನ ಚಾಲಕ ಇಂದು ಬೇಡ ಎಂದರೆ ಅವನ ಮಾತು ಕೇಳಿ. ಟಿಕೆಟ್ ಹಾಳಾಗಲಿ. ಯೋಜನೆ ಹಾಕುವಾಗಲೇ ಎರಡು ದಿನ ಖಾಲಿ ಬಿಟ್ಟಿರಬೇಕು. ಪರವಾನಗಿ ಕೆಲಸ ಸುಲಭ: ಸ್ಪಿತಿಗೆ ಭಾರತೀಯರಿಗೆ ಏನೂ ಬೇಡ, ಲಡಾಖಿನ ಗಡಿ ಕಡೆಯ ಸರೋವರ, ಕಣಿವೆಗಳಿಗೆ ಹೋಗುವವರು ಅಂದಂದಿನ ನಿಯಮ ವಿಚಾರಿಸಿಕೊಂಡು ಗುರುತಿನ ಚೀಟಿ ಇಟ್ಟುಕೊಳ್ಳಿ.

ಮುಂಡಗೋಡಿನ ಕಾಲೊನಿಗೆ ಹೋಗಲು ವಿದೇಶಿಯರಿಗೆ ಕೇಂದ್ರದ ವಿಶೇಷ ಪರವಾನಗಿ ಬೇಕು. ನಮಗೆ ಬೇಕಾಗಿಲ್ಲ, ಬಸ್ ಚಾರ್ಜು ಸಾಕು. ಅಂಕೋಲೆಯಿಂದ ಬೆಳಿಗ್ಗೆ ಬೇಗ ಹೊರಟು ಯಲ್ಲಾಪುರದ ಮೇಲೆ ಹೋದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಸಂಜೆಯ ತರ್ಕಸಭೆ ನೋಡಿ ಹೊರಟರೆ ರಾತ್ರಿ ಮನೆ. ತರ್ಕಸಭೆ ಎಲ್ಲ ದಿನವೂ ಇರುವುದಿಲ್ಲ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಅಂಗಳದ ಅಂಚಿನಲ್ಲಿ ಕೂತು ನೋಡಿ, ನಡುವೆ ನುಗ್ಗಬೇಡಿ. ಆಮೇಲೆ ಯಾವುದಾದರೊಂದು ಗುಂಪಿನ ಹುಡುಗರನ್ನು ಸ್ಪಿತಿಯವರು ಯಾರಿದ್ದೀರಿ, ಝಂಸ್ಕಾರಿನವರು ಯಾರಿದ್ದೀರಿ ಎಂದು ಕೇಳಿ. ಇದ್ದೇ ಇರುತ್ತಾರೆ. ನೀವು ಹೋಗುವ ಊರಿನ ಹೆಸರು ಹೇಳಿ. ಮನೆಯವರಿಗೆ ಏನಾದರೂ ಕೊಟ್ಟು ಕಳಿಸುವುದಿದೆಯೇ ಎಂದು ವಿಚಾರಿಸಿ. ಒಂದು ಪತ್ರ, ತಂಗಿಗೊಂದು ಚೂಡಿದಾರ, ಅಜ್ಜನಿಗೊಂದು ಜಪಮಾಲೆ, ಹೀಗೆ ಏನೋ ಒಂದು ಇರುತ್ತದೆ. ವರ್ಷಗಟ್ಟಲೆ ಊರಿಗೆ ಹೋಗಲಾಗದ ಮಕ್ಕಳವು. ನಿಮ್ಮ ರಕ್‌ಸ್ಯಾಕ್‌ನಲ್ಲಿ ಒಂದು ಕೆ.ಜಿ. ಜಾಗ ಬಿಟ್ಟುಕೊಳ್ಳಿ.

ಈ ವರ್ಷ ಹೊರಡುವ ತಂಡಗಳ ಮುಖಂಡರು ಈ ಪತ್ರವನ್ನು ನಿಮ್ಮ ಗುಂಪಿನಲ್ಲಿ ಓದಿ, ಮುಂಡಗೋಡಿನ ದಿನವನ್ನು ಗೊತ್ತು ಮಾಡಿ. ಹೋಗಿ ಬಂದವರ ಅನುಭವ ಕೇಳಲು ನಾನು ಕಾದಿರುತ್ತೇನೆ. ಮೊದಲ ಸಲ ಹೋಗುವವರ ಜೊತೆ ಬರಲೂ ನಾನು ತಯಾರು.

ನಿಮ್ಮ ಕ್ಷೇಮವನ್ನು ಹಾರೈಸುವ,
ಅಂಕೋಲೆಯ ಒಬ್ಬ ಹಿರಿಯ ಚಾರಣಿಗ